ಬೈಕಿಗೆ ಡೈನೋ ಮಾಡಿಸಬೇಕಾ? ಯಾದವಗಿರಿಯ ಜಾವಾ ಕಾಲದಿಂದ ಒಂದು ಲೆಕ್ಕ

ಕುದೇರು, ಸಂತೇಮರಹಳ್ಳಿ, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹುಡುಗರ ಬಾಯಲ್ಲಿ ಈಗ ಒಂದು ಹೊಸ ಮಾತು ಓಡಾಡುತ್ತಿದೆ. ಅದು ಡೈನೋ. "ಸೈಲೆನ್ಸರ್ ಚೇಂಜ್ ಮಾಡ್ಸಿವ್ನಿ, ಏರ್ ಫಿಲ್ಟರೂ ಹಾಕ್ಸಿವ್ನಿ. ಬೆಂಗಳೂರಿಗೆ ಹೋಗಿ ಡೈನೋ ಟ್ಯೂನಿಂಗ್ ಮಾಡ್ಸುದ್ರ ಗಾಡಿ ಇನ್ನೂ ಎಳೀತದಾ?" ಅಂತ ಕೇಳುತ್ತಾರೆ. ಯೂಟ್ಯೂಬಿನಲ್ಲಿ ಬೈಕನ್ನು ರೋಲರ್ ಮೇಲೆ ನಿಲ್ಲಿಸಿ, ಪಟ್ಟಿ ಬಿಗಿದು, ಆಕ್ಸಿಲರೇಟರ್ ತಿರುವಿದರೆ ಪರದೆಯ ಮೇಲೆ ಗೆರೆ ಏರುತ್ತದೆ. ನೋಡುವುದಕ್ಕೆ ಚೆನ್ನಾಗಿರುತ್ತದೆ. ಕಂತಿನಲ್ಲಿ ತೆಗೆದ ಗಾಡಿಗೆ ಮತ್ತೆ ಕೆಲವು ಸಾವಿರ ಸುರಿಯಬೇಕೇ ಬೇಡವೇ ಅನ್ನುವುದು ಮಾತ್ರ ಬೇರೆ ಮಾತು. ಅದೇ ಗಾಡಿಯಲ್ಲಿ ಬೆಳಗ್ಗೆ ಹಾಲಿನ ಕ್ಯಾನು ಹೋಗಬೇಕು, ಸಂಜೆ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಆದರೆ ಇದರ ಹಿಂದೆ ಇನ್ನೂರು ವರ್ಷದ ಕಥೆಯಿದೆ, ಅದರಲ್ಲಿ ನಮ್ಮ ಮೈಸೂರಿನದೂ ಒಂದು ಅಧ್ಯಾಯ. ಅದನ್ನು ತಿಳಿದುಕೊಂಡರೆ ಉತ್ತರ ತಾನಾಗಿಯೇ ಹೊಳೆಯುತ್ತದೆ ಅಂತ ನಮಗನ್ನಿಸಿತು.

ಮೊದಲು ಎಚ್‌ಪಿ ಅಂದರೆ ಏನು ನೋಡೋಣ. ಬೋರ್‌ವೆಲ್ ಇರುವ ಯಾವ ರೈತರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಐದು ಎಚ್‌ಪಿ ಮೋಟರು, ಏಳೂವರೆ ಎಚ್‌ಪಿ ಮೋಟರು ಅಂತ ದಿನವೂ ಮಾತಾಡುತ್ತೇವೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕರೆಂಟು ಉಚಿತವಾಗಿ ಕೊಡುತ್ತದೆ. ಈ ಅಳತೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1780ರ ದಶಕದಲ್ಲಿ. ಸ್ಟೀಮ್ ಇಂಜಿನ್ ಮಾರುತ್ತಿದ್ದ ಜೇಮ್ಸ್ ವಾಟ್‌ಗೆ ಒಂದು ತಲೆನೋವಿತ್ತು. ಕುದುರೆ ಕಟ್ಟಿ ಗಿರಣಿ ತಿರುಗಿಸುತ್ತಿದ್ದ ಸಾಹುಕಾರರಿಗೆ ತನ್ನ ಇಂಜಿನ್ನು ಎಷ್ಟು ಕುದುರೆಗೆ ಸಮ ಅಂತ ಲೆಕ್ಕ ತೋರಿಸಬೇಕಿತ್ತು. 33,000 ಪೌಂಡ್ ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವ ಶಕ್ತಿಯನ್ನು ಅವನು ಒಂದು ಕುದುರೆ ಅಂತ ಎಣಿಸಿದ. ನಮ್ಮ ಬೈಕಿನ ಪುಸ್ತಕದಲ್ಲಿ ಬರುವ 'ಪಿಎಸ್' ಕೂಡ ಹೆಚ್ಚುಕಮ್ಮಿ ಅದೇ. 75 ಕೆಜಿಯ ಮೂಟೆಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಒಂದು ಪಿಎಸ್. ನೂರು ಸಿಸಿಯ ಸ್ಪ್ಲೆಂಡರ್ ಕೊಡುವುದು ಸುಮಾರು 8 ಪಿಎಸ್, ಅಂದರೆ ಒಂದು ಏಳೂವರೆ ಎಚ್‌ಪಿ ಮೋಟರಿಗಿಂತ ತುಸು ಜಾಸ್ತಿ.

ಹೇಳುವುದು ಸುಲಭ, ಅಳೆಯುವುದು ಹೇಗೆ? 1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ ಎಂಬ ಇಂಜಿನಿಯರ್ ಒಂದು ಉಪಾಯ ಮಾಡಿದ. ತಿರುಗುವ ಶಾಫ್ಟಿಗೆ ಮರದ ಬ್ರೇಕು ಕಚ್ಚಿಸಿ, ಅದಕ್ಕೆ ಉದ್ದನೆಯ ತೋಳು ಕಟ್ಟಿ, ತೋಳಿನ ತುದಿಗೆ ತೂಕ ನೇತುಹಾಕಿದ. ಶಾಫ್ಟು ತೋಳನ್ನು ಎಷ್ಟು ತೂಕದವರೆಗೆ ಎತ್ತಿ ಹಿಡಿಯುತ್ತದೆ, ಆಗ ಎಷ್ಟು ಸುತ್ತು ತಿರುಗುತ್ತದೆ ಎನ್ನುವುದು ಗೊತ್ತಾದರೆ ಶಕ್ತಿ ಗೊತ್ತಾದಂತೆ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಹಡಗಿನ ದೊಡ್ಡ ಇಂಜಿನ್ನುಗಳಿಗಾಗಿ ಬ್ರೇಕಿನ ಜಾಗಕ್ಕೆ ನೀರನ್ನು ತಂದ. ಇವತ್ತಿನ ಡೈನೋ ಇವುಗಳ ಮೊಮ್ಮಗ. ಹೆಸರಿನ ಪೂರ್ತಿ ರೂಪ ಡೈನಮೋಮೀಟರ್, ಅಂದರೆ ಬಲ ಅಳೆಯುವ ಸಾಧನ.

ಅಳೆಯುವ ಸಾಧನ ಅನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ಕುದೇರಿನವರಿಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಜಿಲ್ಲೆಯ ಹಾಲು ಒಕ್ಕೂಟ ಚಾಮುಲ್‌ನ ಡೇರಿ ಇರುವುದೇ ಇಲ್ಲಿ. ಡೇರಿಯಲ್ಲಿ ಫ್ಯಾಟು ನೋಡುವ ಮೆಷಿನ್ನು ಹಾಲಿಗೆ ಫ್ಯಾಟು ಹಾಕುವುದಿಲ್ಲ. ಹಸುವಿಗೆ ಹಿಂಡಿ, ಮೇವು ಹಾಕುವವರು ನಾವು. ಮೆಷಿನ್ನು ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ಡೈನೋ ಕೂಡ ಅಷ್ಟೇ. ಟ್ಯೂನಿಂಗ್ ಮಾಡುವುದು ಅದರ ಮುಂದೆ ನಿಂತ ಮನುಷ್ಯ.

ಈಗ ಮೈಸೂರಿಗೆ ಬರೋಣ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯಿತು. ಫಾರೂಕ್ ಇರಾನಿ ಮತ್ತು ರುಸ್ತುಂ ಇರಾನಿ ಅದರ ಹಿಂದಿದ್ದವರು. ಯಾದವಗಿರಿಯಲ್ಲಿ ಕಾರ್ಖಾನೆ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದಕ್ಕೆ ಚಾಲನೆ ಕೊಟ್ಟರು. 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಬೈಕು ಇಲ್ಲೇ ತಯಾರಾಗತೊಡಗಿತು. ಜಾವಾ ಅಂದರೆ ಇಂಡೋನೇಷ್ಯಾದ ದ್ವೀಪ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಅದಲ್ಲ. ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಕಂಪನಿಯ ಬೈಕಿನ ವಿಭಾಗವನ್ನು ಕೊಂಡ. ಆ ಎರಡು ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. 70ರ ದಶಕದಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು, ಗಾಡಿ ಅದೇ ವಂಶದ್ದು. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ, 16 ಎಚ್‌ಪಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ತಾತನದೋ ಚಿಕ್ಕಪ್ಪನದೋ ಜಾವಾ, ಯೆಜ್ಡಿ ಇವತ್ತಿಗೂ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದೆ.

ಆ ಗಾಡಿಗಳಿಗೆ ಟ್ಯೂನಿಂಗ್ ಮಾಡಿದವರು ಯಾರು? ಊರೂರಿನ ಮೆಕಾನಿಕ್ಕುಗಳು. ಅವರ ಡೈನೋ ಅವರ ಕಿವಿ, ಮೂಗು, ಬೆರಳು. ಪಾಯಿಂಟ್ ಗ್ಯಾಪು ನೋಡಿ, ಟೈಮಿಂಗು ಕೂರಿಸಿ, ಸ್ಲೋ ಸ್ಕ್ರೂ ತಿರುಗಿಸಿ ಸದ್ದು ಕೇಳುತ್ತಿದ್ದರು. ಆಮೇಲೆ ಗಾಡಿಯನ್ನು ಖಾಲಿ ರಸ್ತೆಯಲ್ಲಿ ಫುಲ್ಲಾಗಿ ಓಡಿಸಿ, ಓಡುತ್ತಿರುವಾಗಲೇ ಕ್ಲಚ್ಚು ಹಿಡಿದು ಇಂಜಿನ್ ಆಫ್ ಮಾಡಿ, ನಿಲ್ಲಿಸಿ ಪ್ಲಗ್ಗು ಬಿಚ್ಚುತ್ತಿದ್ದರು. ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಮಸಿಯಂತೆ ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅಂದರೆ 'ರಿಚ್'. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಗಾಳಿ ಜಾಸ್ತಿ, ಅಂದರೆ 'ಲೀನ್'. ಲೀನ್ ಆದ ಇಂಜಿನ್ನು ಕೆಂಡದಂತೆ ಕಾಯುತ್ತದೆ. ಪೆಟ್ರೋಲಿನ ಜತೆಗೇ ಆಯಿಲ್ ಹೋಗುವ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಅಲ್ಲೇ ಬಿಗಿಯುತ್ತದೆ. 'ಸೀಜ್ ಆಯ್ತು' ಅಂತ ನಮ್ಮ ಕಡೆ ಹೇಳುವುದು ಇದಕ್ಕೇ.

ಈ ಪ್ಲಗ್ಗು ನೋಡುವ ವಿದ್ಯೆಯನ್ನು ಹಳ್ಳಿಗಾಡಿನ ಹಗುರ ಉಪಾಯ ಅಂತ ಯಾರೂ ತಿಳಿಯಬಾರದು. ರೇಸಿನ ಮೈದಾನದಲ್ಲೂ ಇದೇ ನಡೆಯುತ್ತಿತ್ತು. ಮದರಾಸಿನ ಹತ್ತಿರದ ಶೋಳಾವರಂ ಏರ್‌ಸ್ಟ್ರಿಪ್ಪಿನಲ್ಲಿ 1950ರ ದಶಕದಿಂದ ದಶಕಗಳ ಕಾಲ ರೇಸು ನಡೆಯುತ್ತಿದ್ದಾಗ ಅಲ್ಲೂ ಓಡಿಸಿ, ಪ್ಲಗ್ಗು ಬಿಚ್ಚಿ, ಜೆಟ್ಟು ಬದಲಿಸಿ, ಮತ್ತೆ ಓಡಿಸುವುದೇ ಪದ್ಧತಿ. ಮೈಸೂರಿನ ಗಾಡಿಗಳೂ ಆ ರೇಸುಗಳಲ್ಲಿ ಇದ್ದವು.

ಆ ಕಾಲದಿಂದ ಇವತ್ತಿನವರೆಗೂ ಬಂದಿರುವ ಒಂದು ತಪ್ಪು ನಂಬಿಕೆ ಇದೆ. ಸೈಲೆನ್ಸರ್ ಒಳಗಿನ ತಡೆ ಕಿತ್ತುಹಾಕಿದರೆ ಗಾಡಿ ಸಲೀಸಾಗಿ ಉಸಿರಾಡುತ್ತದೆ, ಪಿಕಪ್ಪು ಬರುತ್ತದೆ ಅನ್ನುವುದು. ಜಾವಾದಲ್ಲಿ ಇದಕ್ಕೊಂದು ಕಾರಣವಿತ್ತು. ಆಯಿಲ್ ಉರಿದ ಮಸಿ ಸೈಲೆನ್ಸರಿನಲ್ಲಿ ಕಟ್ಟಿಕೊಂಡು ಗಾಡಿ ಎಳೆಯದೆ ಸೊರಗುತ್ತಿತ್ತು. ಒಳಗಿನ ಕೊಳವೆಯನ್ನು ಹೊರತೆಗೆದು ಬೆಂಕಿಯಲ್ಲಿ ಸುಟ್ಟು, ತಟ್ಟಿ, ಮಸಿ ಉದುರಿಸಿ ಮತ್ತೆ ಹಾಕಿದರೆ ಗಾಡಿಗೆ ಜೀವ ಬರುತ್ತಿತ್ತು. ಆ ಜೀವ ಬಂದದ್ದು ಮಸಿ ಹೋದದ್ದರಿಂದ. ಕೊಳವೆಯನ್ನೇ ಬಿಸಾಕಿದವರಿಗೆ ಸಿಕ್ಕಿದ್ದು ಸದ್ದು. ಸದ್ದು ಜಾಸ್ತಿಯಾದಾಗ ಗಾಡಿ ಜೋರಾಗಿ ಹೋಗುತ್ತಿದೆ ಅಂತ ಮನಸ್ಸಿಗೆ ಅನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ.

ಸೈಲೆನ್ಸರ್ ಬರೀ ಹೊಗೆ ಹೋಗುವ ದಾರಿಯಲ್ಲ ಅಂತ ಜಗತ್ತಿಗೆ ತೋರಿಸಿದವರಲ್ಲಿ ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ ದೊಡ್ಡ ಹೆಸರು. ಎಂಜೆಡ್ ಎಂಬ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅವನು ಹೊರಹೋಗುವ ಹೊಗೆಯ ಅಲೆ ಹೊಟ್ಟೆ ಉಬ್ಬಿದ ಪೈಪಿನಲ್ಲಿ ಬಡಿದು ಹಿಂದಿರುಗುವುದನ್ನು ಯಂತ್ರಗಳಿಂದ ಅಳೆದ. ಆ ಅಲೆ ಸರಿಯಾದ ಗಳಿಗೆಯಲ್ಲಿ ವಾಪಸು ಬಂದರೆ, ಹೊರಗೆ ನುಸುಳುತ್ತಿರುವ ಹೊಸ ಪೆಟ್ರೋಲ್-ಗಾಳಿಯನ್ನು ಮತ್ತೆ ಸಿಲಿಂಡರಿನೊಳಗೆ ದೂಡುತ್ತದೆ. ಪೈಪಿನ ಉದ್ದ ಒಂದಿಷ್ಟು ಆಚೀಚೆಯಾದರೂ ಗಳಿಗೆ ತಪ್ಪುತ್ತದೆ. 1961ರ ಹೊತ್ತಿಗೆ ಕಾಡೆನ್ 125 ಸಿಸಿಯ ರೇಸ್ ಇಂಜಿನ್ನಿನಿಂದ 25 ಎಚ್‌ಪಿ ತೆಗೆದಿದ್ದ. ಯಾದವಗಿರಿಯಿಂದ ಮೊದಲ ಜಾವಾಗಳು ಹೊರಬಂದ ವರ್ಷವೂ ಅದೇ. ಆ ವರ್ಷವೇ ಅವನ ರೇಸರ್ ಎರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನಿಂದ ಪಶ್ಚಿಮಕ್ಕೆ ಪರಾರಿಯಾಗಿ, ಗುಟ್ಟುಗಳ ಸಮೇತ ಜಪಾನಿನ ಸುಜುಕಿ ಸೇರಿದ. ಮರುವರ್ಷ ಸುಜುಕಿಗೆ 50 ಸಿಸಿಯ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟ. ಸಿನಿಮಾ ಕಥೆಯಂತಿದೆ, ಆದರೆ ನಿಜ. ಒಂದು ಪೈಪಿನ ಆಕಾರಕ್ಕಾಗಿ ಮನುಷ್ಯ ದೇಶ ಬಿಟ್ಟ ಕಾಲ ಅದು. ಅಂಥ ಪೈಪನ್ನು ಆಕ್ಸಾ ಬ್ಲೇಡಿನಲ್ಲಿ ಕೊಯ್ದು "ಪಿಕಪ್ಪು ಬತ್ತದ" ಅನ್ನುವುದು ನಮ್ಮ ಕಾಲ.

1985ರ ಕೊನೆಗೆ ಎಸ್ಕಾರ್ಟ್ಸ್ ಕಂಪನಿಯ ಯಮಹಾ ಆರ್‌ಎಕ್ಸ್ 100 ಬಂತು. 98 ಸಿಸಿ, 11 ಎಚ್‌ಪಿ, ತೂಕ ನೂರು ಕೆಜಿಯ ಆಸುಪಾಸು. ರೋಡ್‌ಕಿಂಗಿಗೆ 16 ಎಚ್‌ಪಿ ಇದ್ದರೂ ತೂಕ ಅದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಸಣ್ಣ ಗಾಡಿ ದೊಡ್ಡದಕ್ಕೆ ಸಮನಾಗಿ ಹಾರಿತು. ಶಕ್ತಿಯಷ್ಟೇ ತೂಕವೂ ಮುಖ್ಯ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು. 1996ರಲ್ಲಿ ಆರ್‌ಎಕ್ಸ್ 100 ಕೂಡ ನಿಂತಿತು. ಹೊಗೆಯ ನಿಯಮಗಳು ಬಿಗಿಯಾಗುತ್ತಾ ಬಂದು ಟೂ ಸ್ಟ್ರೋಕಿನ ಕಾಲವೇ ಮುಗಿಯಿತು.

ಅಮೆರಿಕದಲ್ಲಿ 1980ರ ದಶಕದ ಕೊನೆಗೆ ಗ್ಯಾರೇಜುಗಳಿಗೂ ಕೊಳ್ಳಬಹುದಾದ ಬೈಕ್ ಡೈನೋ ಬಂತು. ಡೈನೋಜೆಟ್ ಎಂಬ ಕಂಪನಿ ಇದರಲ್ಲಿ ಹೆಸರು ಮಾಡಿತು. ಅದು ಕೆಲಸ ಮಾಡುವ ರೀತಿ ಸರಳ. ತೂಕ ಗೊತ್ತಿರುವ ಭಾರೀ ಉಕ್ಕಿನ ಉರುಳೆ. ಅದರ ಮೇಲೆ ಹಿಂದಿನ ಚಕ್ರ. ಗಾಡಿ ಆ ಉರುಳೆಯನ್ನು ಎಷ್ಟು ಬೇಗ ಎಷ್ಟು ವೇಗಕ್ಕೆ ತಿರುಗಿಸುತ್ತದೆ ಅಂತ ನೋಡಿ ಕಂಪ್ಯೂಟರು ಎಚ್‌ಪಿ ಲೆಕ್ಕ ಹಾಕುತ್ತದೆ. ಜತೆಗೆ ಸೈಲೆನ್ಸರಿನಲ್ಲಿ ಒಂದು ಸೆನ್ಸರ್ ಇಟ್ಟು ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಅಂತ ಓದುತ್ತಾರೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಪೂರ್ತಿ ಉರಿಯುವ ಲೆಕ್ಕ. ಫುಲ್ ಆಕ್ಸಿಲರೇಟರಿನಲ್ಲಿ ಹೆಚ್ಚು ಬಲ ಬೇಕಾದರೆ 13ರ ಹತ್ತಿರ ಇಡುತ್ತಾರೆ. ತಾತನ ಕಾಲದ ಮೆಕಾನಿಕ್ಕು ಪ್ಲಗ್ಗಿನ ಬಣ್ಣದಲ್ಲಿ ಓದುತ್ತಿದ್ದದ್ದನ್ನೇ ಈ ಸೆನ್ಸರು ಅಂಕಿಯಲ್ಲಿ ಹೇಳುತ್ತದೆ.

ಬಹಳ ಜನರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ನಿಮ್ಮ ಗಾಡಿ ನಿಮ್ಮ ಮನೆಗೆ ಬರುವ ಮುಂಚೆಯೇ ಅದರ ಮಾದರಿ ಡೈನೋ ಹತ್ತಿ ಇಳಿದಿರುತ್ತದೆ. ಪುಣೆಯಲ್ಲಿ 1966ರಿಂದ ಇರುವ ಎಆರ್‌ಎಐ ಸಂಸ್ಥೆಯ ಹೆಸರು ಮೈಲೇಜಿನ ಜಾಹೀರಾತಿನಲ್ಲಿ ಕೇಳಿರುತ್ತೀರಿ. ಆ ಮೈಲೇಜು, ಆ ಹೊಗೆಯ ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ಇಂಥದೇ ರೋಲರ್ ಮೇಲೆ. ಅದಕ್ಕೂ ಮುಂಚೆ ಕಂಪನಿಯ ಇಂಜಿನಿಯರುಗಳು ಫಿಲ್ಟರ್, ಪೆಟ್ರೋಲ್, ಕಿಡಿಯ ಸಮಯ, ಸೈಲೆನ್ಸರ್ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ತಿಂಗಳುಗಟ್ಟಲೆ ಓಡಿಸಿರುತ್ತಾರೆ. ನಾವು ಮೈಸೂರಿಗೆ ಹೋಗುವಾಗ ನಂಜನಗೂಡು ದಾಟಿ ಕಡಕೊಳದ ಹತ್ತಿರ ಸಿಗುವ ಟಿವಿಎಸ್ ಕಾರ್ಖಾನೆಯಂಥ ಕಡೆಗಳಿಂದ ಹೊರಬರುವ ಗಾಡಿ ಅಂಥ ಕೆಲಸದ ಫಲ. ಅಂದರೆ ಶೋರೂಮಿನ ಗಾಡಿ ಟ್ಯೂನಿಂಗ್ ಆಗದ ಗಾಡಿಯಲ್ಲ. ಸೈಲೆನ್ಸರು, ಫಿಲ್ಟರು ಬದಲಿಸಿದಾಗ ಆ ಹೊಂದಾಣಿಕೆಯನ್ನು ನಾವು ಕೆಡಿಸುತ್ತೇವೆ. ಆಮೇಲೆ ದುಡ್ಡು ಕೊಟ್ಟು ಡೈನೋ ಟ್ಯೂನಿಂಗ್ ಮಾಡಿಸಿದರೆ, ಅದರಲ್ಲಿ ಹೆಚ್ಚಿನ ಪಾಲು ನಾವೇ ಕೆಡಿಸಿದ್ದನ್ನು ವಾಪಸು ಕೊಳ್ಳುವುದಕ್ಕೆ ಹೋಗುತ್ತದೆ. ಲಾಭ ಅನ್ನುವುದು ಅದಾದ ಮೇಲೆ ಉಳಿದ ಚಿಲ್ಲರೆ.

ಆ ಚಿಲ್ಲರೆ ಎಷ್ಟು? ಅಂಕಿ ಬೇಕಾದರೆ ಒಂದು ಮಾತಿಗೆ ಹೀಗಿಟ್ಟುಕೊಳ್ಳಿ. ನಿಮ್ಮದು 20 ಎಚ್‌ಪಿ ಗಾಡಿ. ಎಲ್ಲ ಚೆನ್ನಾಗಿ ನಡೆದು ನೂರಕ್ಕೆ ಐದು ಪಾಲು ಹೆಚ್ಚಿತು ಅನ್ನಿ, ಅಂದರೆ 21 ಎಚ್‌ಪಿ. ಟಾಪ್ ಸ್ಪೀಡು ಎಷ್ಟು ಏರುತ್ತದೆ? ವೇಗ ಹೆಚ್ಚಿದಂತೆ ಗಾಳಿಯ ತಡೆ ದಿಢೀರನೆ ಏರುತ್ತದೆ. ಎರಡರಷ್ಟು ವೇಗಕ್ಕೆ ಸುಮಾರು ಎಂಟರಷ್ಟು ಶಕ್ತಿ ಬೇಕು. ಆ ಲೆಕ್ಕದಲ್ಲಿ 110ರಲ್ಲಿ ಓಡುತ್ತಿದ್ದ ಗಾಡಿ 112ನ್ನೂ ಸರಿಯಾಗಿ ಮುಟ್ಟುವುದಿಲ್ಲ. ಪಿಕಪ್ಪಿನ ಲೆಕ್ಕ ನೋಡಿ. ಗಾಡಿ 150 ಕೆಜಿ, ಓಡಿಸುವವರು 70, ಒಟ್ಟು 220. ಒಂದು ಎಚ್‌ಪಿ ಹೆಚ್ಚಿಸುವುದೂ 11 ಕೆಜಿ ಇಳಿಸುವುದೂ ಹೆಚ್ಚುಕಮ್ಮಿ ಒಂದೇ. ಕ್ರ್ಯಾಶ್ ಗಾರ್ಡು, ಸ್ಯಾಡಲ್ ಸ್ಟ್ಯಾಂಡು ಬಿಚ್ಚಿದರೇ ಅದರ ಅರ್ಧ ಬಂತು. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ, ಅಥವಾ 40 ಲೀಟರಿನ ಹಾಲಿನ ಕ್ಯಾನು ಕಟ್ಟಿದರೆ, ಡೈನೋದಲ್ಲಿ ಗಳಿಸಿದ್ದು ಮೂರು ನಾಲ್ಕು ಪಟ್ಟಾಗಿ ಹೋಯಿತು.

ಇನ್ನೊಂದು ಸೂಕ್ಷ್ಮ. ಎಚ್‌ಪಿಯ ದೊಡ್ಡ ಅಂಕಿ ಬರುವುದು ಇಂಜಿನ್ನು ಏಳೆಂಟು ಸಾವಿರ ಸುತ್ತು ತಿರುಗುವಾಗ. ನಮ್ಮ ಗಾಡಿ ಅಷ್ಟು ತಿರುಗುವುದು ಯಾವಾಗ? ಕೆಸರಿನ ಗದ್ದೆ ದಾರಿಯಲ್ಲಿ, ಬಾಳೆಗೊನೆ ಹೇರಿಕೊಂಡು ಎರಡನೇ ಗೇರಿನಲ್ಲಿ ಹೋಗುವಾಗ ಬೇಕಾದ್ದು ಮೂರು ನಾಲ್ಕು ಸಾವಿರ ಸುತ್ತಿನಲ್ಲಿ ಸಿಗುವ ಎಳೆತ. ಬಂಡೀಪುರದ ದಾರಿಯಲ್ಲಂತೂ ಹಂಪಿನ ಮೇಲೆ ಹಂಪು. ಅಗಲ ಬಾಯಿಯ ಸೈಲೆನ್ಸರ್ ಎಷ್ಟೋ ಸಲ ಮೇಲಿನ ಅಂಕಿ ಏರಿಸಿ ಕೆಳಗಿನ ಎಳೆತವನ್ನು ತಿನ್ನುತ್ತದೆ. ಡೈನೋ ಗ್ರಾಫಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಆದರೆ ಹುಡುಗರು ಸ್ಟೇಟಸ್ಸಿಗೆ ಹಾಕುವುದು ತುದಿಯ ಅಂಕಿಯನ್ನು ಮಾತ್ರ.

ಆ ತುದಿಯ ಅಂಕಿಯೂ ಒಂದು ಡೈನೋದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಕಂಪನಿ ಹೇಳುವುದು ಇಂಜಿನ್ನಿನ ಎಚ್‌ಪಿ. ರೋಲರ್ ಅಳೆಯುವುದು ಚಕ್ರದ ಎಚ್‌ಪಿ. ನಡುವೆ ಗೇರು, ಚೈನು, ಟೈರು ತಮ್ಮ ಪಾಲು ತಿಂದಿರುತ್ತವೆ, ನೂರಕ್ಕೆ ಹತ್ತು ಹದಿನೈದು ಕಡಿಮೆ ಬರುವುದು ಸಹಜ. ಬಿಸಿಲು ಜೋರಿದ್ದರೆ, ಊರು ಎತ್ತರದಲ್ಲಿದ್ದರೆ ಮತ್ತೂ ಕಡಿಮೆ. ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತರಲ್ಲೊಂದು ಪಾಲು ಗಾಳಿ ತೆಳುವಾಗುತ್ತದೆ. ಗುಂಡ್ಲುಪೇಟೆಯಿಂದ ಮಸಿನಗುಡಿ ಮೇಲೆ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ 2,200 ಮೀಟರ್ ಎತ್ತರದ ಊಟಿ ಸೇರಿದ ಹಳೇ ಕಾರ್ಬೊರೇಟರ್ ಗಾಡಿ ಗೊರಗೊರ ಅಂದು ಸೊರಗುವುದು ಇದಕ್ಕೇ. ಗಾಳಿ ಕಡಿಮೆಯಾಯಿತು, ಪೆಟ್ರೋಲು ಅಷ್ಟೇ ಹೋಗುತ್ತಿದೆ. ಆದ್ದರಿಂದ ಸ್ನೇಹಿತನ ಗಾಡಿಯ ಅಂಕಿ ನೋಡಿ ನಿಮ್ಮ ಗಾಡಿಗೆ ಮರುಗಬೇಡಿ. ಒಂದೇ ಡೈನೋ, ಒಂದೇ ದಿನ, ಒಂದೇ ಗಾಡಿಯ ಮುಂಚಿನ ಓಟ ಮತ್ತು ಆಮೇಲಿನ ಓಟ, ಈ ಎರಡನ್ನು ಹೋಲಿಸಿದರೆ ಮಾತ್ರ ಅರ್ಥವಿದೆ.

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಕಾರ್ಬೊರೇಟರ್ ಬಹುತೇಕ ಮಾಯವಾಯಿತು. ಈಗ ಪೆಟ್ರೋಲ್ ಅಳೆದು ಬಿಡುವುದು ಇಸಿಯು ಎಂಬ ಸಣ್ಣ ಕಂಪ್ಯೂಟರ್. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಅದಕ್ಕೆ ವರದಿ ಕೊಡುತ್ತದೆ. ಹಾಗಾಗಿ ಮೆಲ್ಲಗೆ ಓಡಿಸುವಾಗ ಸಣ್ಣಪುಟ್ಟ ಬದಲಾವಣೆಯನ್ನು ಗಾಡಿಯೇ ಸರಿದೂಗಿಸಿಕೊಳ್ಳುತ್ತದೆ. ಒಂದು ಫಿಲ್ಟರ್ ಬದಲಿಸಿದ ಮಾತ್ರಕ್ಕೆ ಡೈನೋಗೆ ಓಡಬೇಕಿಲ್ಲ ಅನ್ನುವುದಕ್ಕೆ ಇದೂ ಕಾರಣ. ಆದರೆ ಫುಲ್ ಆಕ್ಸಿಲರೇಟರ್ ಕೊಟ್ಟಾಗ ಇಸಿಯು ಸೆನ್ಸರಿನ ಮಾತು ಬಿಟ್ಟು ಕಂಪನಿ ಬರೆದುಕೊಟ್ಟ ಪಟ್ಟಿಯನ್ನು ನೋಡುತ್ತದೆ. ಆ ಪಟ್ಟಿಗೆ ನಿಮ್ಮ ಹೊಸ ಸೈಲೆನ್ಸರ್ ಗೊತ್ತಿಲ್ಲ. ಗಾಡಿ ಲೀನ್ ಆಗಿ ಕಾಯುವ ಅಪಾಯ ಅಲ್ಲಿದೆ. ಪಟ್ಟಿಯನ್ನು ತಿದ್ದುವುದಕ್ಕೆ ಇಸಿಯುವಿನ ಮ್ಯಾಪ್ ಬದಲಿಸುತ್ತಾರೆ, ಇಲ್ಲವೇ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಮಾಡುವ ಪವರ್‌ಟ್ರಾನಿಕ್‌ನಂಥ ಡಬ್ಬಿ ಕೂರಿಸುತ್ತಾರೆ. ಡಬ್ಬಿಗೆ ಸಾವಿರಗಳು, ಡೈನೋಗೆ ಸಾವಿರಗಳು, ವಾರಂಟಿ ಹೋಗುವ ಭಯ ಬೇರೆ. ಜತೆಗೆ ಪ್ರಯಾಣ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕನ್ನು ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಡೈನೋ ಶೀಟು ತೋರಿಸಿದರೆ ಇದರಿಂದ ವಿನಾಯಿತಿ ಸಿಗುವುದಿಲ್ಲ. ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವ ವಿಡಿಯೊ ನೀವೂ ನೋಡಿರುತ್ತೀರಿ.

ಹಾಗಾದರೆ ಡೈನೋ ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ಪಿಸ್ಟನ್ನು, ಕ್ಯಾಮ್‌ಶಾಫ್ಟು, ಬೋರು ಅಂತ ಇಂಜಿನ್ನಿನ ಒಳಗೇ ಕೈಹಾಕಿ ರೇಸ್ ಟ್ರ್ಯಾಕಿಗೆ ಗಾಡಿ ಕಟ್ಟುವವರು ಡೈನೋ ಇಲ್ಲದೆ ಓಡಿಸಿದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. ಇನ್ನೊಂದು ಗುಂಪು ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೇ ಯೆಜ್ಡಿ, ಆರ್‌ಎಕ್ಸ್ 100ಗಳನ್ನು ಲಕ್ಷಗಟ್ಟಲೆ ಖರ್ಚು ಮಾಡಿ ಮತ್ತೆ ಎಬ್ಬಿಸುತ್ತಿರುವವರು ಅವರು. ಅವರಿಗೆ ಹೊಸ ಸಮಸ್ಯೆ ಪೆಟ್ರೋಲಿನದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಈಗ ಬಂಕುಗಳಲ್ಲಿ ಸಾಮಾನ್ಯ. ಎಥನಾಲ್ ಉರಿಯುವುದಕ್ಕೆ ಗಾಳಿ ಕಡಿಮೆ ಸಾಕು. 14.7 ಇದ್ದ ಲೆಕ್ಕ ಇ20ಗೆ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೇ ಜೆಟ್ಟು ಹಳೇ ಅಳತೆಯಲ್ಲೇ ಪೆಟ್ರೋಲ್ ಬಿಡುತ್ತಿದ್ದರೆ ಗಾಡಿ ತಾನಾಗಿಯೇ ಲೀನ್ ಕಡೆಗೆ ವಾಲುತ್ತದೆ. ಅದರ ಮೇಲೆ ತೆರೆದ ಫಿಲ್ಟರೂ ಹಾಕಿದರೆ ಸೀಜ್ ಆಗುವ ದಿನ ದೂರವಿಲ್ಲ. ಅಂಥವರು ಒಮ್ಮೆ ಡೈನೋದಲ್ಲೋ, ಕೈ ಪಳಗಿದ ಹಳೇ ಮೆಕಾನಿಕ್ಕಿನ ಹತ್ತಿರವೋ ಜೆಟ್ಟು ಸರಿ ಮಾಡಿಸಿಕೊಳ್ಳುವುದು ಒಳ್ಳೆಯದು. ಇಲ್ಲಿ ಕೊಡುವ ದುಡ್ಡು ಎಚ್‌ಪಿಗಲ್ಲ, ಪಿಸ್ಟನ್ನಿನ ಆಯುಸ್ಸಿಗೆ.

ಉಳಿದವರಿಗೆ, ಅಂದರೆ ಸೈಲೆನ್ಸರು ಮತ್ತು ಫಿಲ್ಟರು ಮಾತ್ರ ಬದಲಿಸಿದ ನಮ್ಮ ಕಡೆಯ ನೂರರಲ್ಲಿ ತೊಂಬತ್ತು ಹುಡುಗರಿಗೆ, ನಮ್ಮ ಮಾತು ನೇರ: ಬೇಡ. ಡೈನೋಗೆ ಇಡುವ ದುಡ್ಡಿನಲ್ಲಿ ಹಳೇ ಸೈಲೆನ್ಸರನ್ನೇ ವಾಪಸು ಹಾಕಿಸಿ, ಹೊಸ ಚೈನ್ ಸೆಟ್ಟು, ಪ್ಲಗ್ಗು, ಒಳ್ಳೆಯ ಆಯಿಲ್ಲು ಹಾಕಿಸಿ. ಬ್ರೇಕು ಹಿಡಿದುಕೊಂಡಿದೆಯೇ, ಟೈರಿನಲ್ಲಿ ಗಾಳಿ ಸರಿಯಿದೆಯೇ ನೋಡಿ. ಒಣಗಿದ ಚೈನು, ಉಜ್ಜುತ್ತಿರುವ ಬ್ರೇಕು, ಗಾಳಿ ಇಳಿದ ಟೈರು ಸೇರಿ ಸದ್ದಿಲ್ಲದೆ ತಿನ್ನುವ ಶಕ್ತಿ ಹೊಸ ಸೈಲೆನ್ಸರ್ ಕೊಡುವುದಕ್ಕಿಂತ ಕಡಿಮೆಯೇನಲ್ಲ. ಹಳೇ ಸೈಲೆನ್ಸರನ್ನು ಗುಜರಿಗೆ ಹಾಕಿಬಿಟ್ಟಿದ್ದರೆ, ಹೊಸದು ತರುವುದು ಡೈನೋಗಿಂತ ದುಬಾರಿಯಾದರೂ ಆಗಬಹುದು. ಬದಲಿಸುವ ಮುಂಚೆ ಬಿಚ್ಚಿದ್ದನ್ನು ಅಟ್ಟದ ಮೇಲೆ ಎತ್ತಿಡಿ ಅನ್ನುವುದು ಅದಕ್ಕೇ.

ಇಷ್ಟಾದ ಮೇಲೂ ಹೋಗಿಯೇ ತೀರುತ್ತೇನೆ ಅನ್ನುವವರು ಒಂದು ಕೆಲಸ ಮಾಡಿ. ಗಾಡಿಗೆ ಕೈ ಹಾಕುವ ಮುಂಚಿನ ಓಟದ ಗ್ರಾಫು, ಕೆಲಸ ಮುಗಿದ ಮೇಲಿನ ಗ್ರಾಫು, ಎರಡನ್ನೂ ಒಂದೇ ಹಾಳೆಯ ಮೇಲೆ, ಗಾಳಿ-ಪೆಟ್ರೋಲಿನ ಗೆರೆ ಸಮೇತ ಕೇಳಿ. ಮೂರರಿಂದ ಆರು ಸಾವಿರ ಸುತ್ತಿನ ನಡುವೆ ಎರಡು ಗೆರೆಗಳಲ್ಲಿ ಯಾವುದು ಮೇಲಿದೆ ಅಂತ ಮೊದಲು ನೋಡಿ, ತುದಿಯ ಅಂಕಿಯನ್ನು ಕೊನೆಗೆ ನೋಡಿ. ಮುಂಚಿನ ಗ್ರಾಫು ತೆಗೆಯುವುದೇ ಇಲ್ಲ ಅನ್ನುವ ಕಡೆ ಗಾಡಿಯನ್ನು ರೋಲರ್ ಮೇಲೆ ಹತ್ತಿಸಬೇಡಿ.